ನಷ್ಟದ ಲೆಕ್ಕದಲ್ಲಿ ಲಾಭದ ವರ್ಷವನ್ನು ಹುಡುಕುವುದು

ಬೆಂಗಳೂರಿನಲ್ಲಿ ಲೆಕ್ಕಪತ್ರಗಳ ನಡುವೆ ಕೆಲಸ ಮಾಡುವವರನ್ನು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಈ ಕಂಪನಿ ಬೆಳೆಯುತ್ತಿರುವುದು ಕಣ್ಣಿಗೆ ಕಾಣುತ್ತಿದೆ, ಆದರೆ ವರ್ಷ ವರ್ಷವೂ ನಷ್ಟ ತೋರಿಸುತ್ತಿದೆ. ಇದು ಲಾಭಕ್ಕೆ ಬರುವುದು ಯಾವಾಗ? ಕೇಳುವವರು ಕೆಲವೊಮ್ಮೆ ಅಂಥ ಕಂಪನಿಯಲ್ಲಿ ಕೆಲಸ ಸಿಕ್ಕಿ, ಸಂಬಳದ ಒಂದು ಭಾಗವನ್ನು ಷೇರಿನ ರೂಪದಲ್ಲಿ ಪಡೆಯಲು ಒಪ್ಪಬೇಕೇ ಬೇಡವೇ ಎಂದು ಯೋಚಿಸುತ್ತಿರುವ ಯುವಕ ಯುವತಿಯರು. ಕೆಲವೊಮ್ಮೆ ಅದಕ್ಕೆ ಉದ್ದರಿಯ ಮೇಲೆ ಸರಕು ಕೊಡುತ್ತಿರುವ ಪೀಣ್ಯದ ಸಣ್ಣ ಕಾರ್ಖಾನೆಯವರು. ಇನ್ನು ಕೆಲವೊಮ್ಮೆ ನಿವೃತ್ತಿಯ ಹಣದಲ್ಲಿ ಒಂದಿಷ್ಟನ್ನು ಮಗನ ಅಥವಾ ಅಳಿಯನ ಉದ್ಯಮಕ್ಕೆ ಹಾಕಿರುವ ಹಿರಿಯರು. ಇವರೆಲ್ಲರ ಬದುಕಿನ ಒಂದು ಭಾಗ ಆ ಉತ್ತರದ ಮೇಲೆ ನಿಂತಿರುವುದರಿಂದ, ಅದನ್ನು ಹಗುರವಾಗಿ ಕೊಡಬಾರದು ಎಂಬುದು ನನ್ನ ನಿಲುವು.

ಸಾಮಾನ್ಯವಾಗಿ ಸಿಗುವ ಉತ್ತರ ಬೆಳವಣಿಗೆಯ ಗೆರೆಯನ್ನು ಮುಂದಕ್ಕೆ ಎಳೆಯುವುದರಿಂದ ಬರುತ್ತದೆ. ಕಳೆದ ವರ್ಷ ವಹಿವಾಟು ಇಷ್ಟು ಹೆಚ್ಚಿತು, ಮುಂದಿನ ವರ್ಷವೂ ಅಷ್ಟೇ ಹೆಚ್ಚಿದರೆ ಇಂಥ ವರ್ಷ ಖರ್ಚನ್ನು ಮೀರುತ್ತದೆ ಎನ್ನುವ ಲೆಕ್ಕ ಅದು. ಈ ಲೆಕ್ಕದಲ್ಲಿ ಖರ್ಚು ಒಂದು ಗೋಡೆಯ ಹಾಗೆ ಅಲ್ಲಾಡದೆ ನಿಂತಿರುತ್ತದೆ. ವಹಿವಾಟು ಮಾತ್ರ ಅದರತ್ತ ನಡೆದು ಬರುತ್ತದೆ. ನಿಜವಾದ ಕಂಪನಿಗಳಲ್ಲಿ ಅಸಲು ಗಿಟ್ಟುವ ಮಟ್ಟವೇ, ಅಂದರೆ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಖರ್ಚು ತೂಗುವಷ್ಟು ವಹಿವಾಟಿನ ಮಟ್ಟವೇ, ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತದೆ, ಎಷ್ಟೋ ಸಲ ವಹಿವಾಟಿಗಿಂತ ವೇಗವಾಗಿ. ಲಾಭದ ವರ್ಷವನ್ನು ಊಹಿಸಬೇಕಾದರೆ ಮೊದಲು ನೋಡಬೇಕಾದದ್ದು ಆ ಮಟ್ಟ ಎತ್ತ ಸರಿಯುತ್ತಿದೆ, ಯಾವ ಕಾರಣಕ್ಕೆ ಸರಿಯುತ್ತಿದೆ ಎಂಬುದನ್ನು.

ಇದನ್ನು ಅಂಕಿಗಳಲ್ಲಿ ತೋರಿಸಲು ಎಳೆಯ ವಯಸ್ಸಿನಲ್ಲಿಯೇ ತನ್ನ ಒಳಲೆಕ್ಕವನ್ನು ಬಹಿರಂಗಪಡಿಸಬೇಕಾಗಿ ಬಂದ ಒಂದು ಕಂಪನಿ ಬೇಕು, ಮತ್ತು ಅದರ ಕಥೆ ಎಲ್ಲಿಗೆ ಮುಟ್ಟಿತು ಎಂಬುದು ನಮಗೆ ತಿಳಿದಿರಬೇಕು. ಅಮೆಜಾನಿನ ಮೊದಲ ವರ್ಷಗಳು ಈ ಎರಡೂ ಕಾರಣಕ್ಕೆ ನನಗೆ ಹಿಡಿಸುತ್ತವೆ. ಇಂದಿನ ಗಾತ್ರವನ್ನು ಮರೆತು ನೋಡಿದರೆ, 1995ರಲ್ಲಿ ಸಿಯಾಟಲ್‌ನಿಂದ ಪುಸ್ತಕ ಮಾರಲು ತೊಡಗಿದ ಈ ಕಂಪನಿಯ 1996ರ ಇಡೀ ವರ್ಷದ ವಹಿವಾಟು 1.57 ಕೋಟಿ ಡಾಲರ್ ಮಾತ್ರ. 1997ರ ಮೇ ತಿಂಗಳಲ್ಲಿ ಅದು ಷೇರುಪೇಟೆಗೆ ಹೋದ ಕಾರಣ, ಅಲ್ಲಿಂದ ಮುಂದಿನ ಪ್ರತಿ ಮೂರು ತಿಂಗಳ ಲೆಕ್ಕವೂ ಯಾರು ಬೇಕಾದರೂ ಓದುವಂತೆ ಉಳಿದಿದೆ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಕಟ್ಟಿದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಇಬ್ಬರೂ ಮೊದಲು ಅಮೆಜಾನಿನಲ್ಲಿ ದುಡಿದವರು. ಮೊದಲು ಬೆಳೆ, ಲಾಭ ಆಮೇಲೆ ಎಂಬ ಮಾತನ್ನು ನಮ್ಮ ಊರಿನ ಅನೇಕ ಹೊಸ ಕಂಪನಿಗಳು ಅಮೆಜಾನಿನ ಹೆಸರಿನಲ್ಲಿಯೇ ಹೇಳುತ್ತ ಬಂದಿವೆ. ಹಾಗಿರುವಾಗ ಆ ಕಂಪನಿ ನಿಜಕ್ಕೂ ಹೇಗೆ ಲಾಭಕ್ಕೆ ಬಂತು ಎಂಬುದನ್ನು ಅಂಕಿ ಅಂಕಿಯಾಗಿ ನೋಡುವುದು ನ್ಯಾಯ.

2000ನೇ ಇಸವಿಯಲ್ಲಿ ಅಮೆಜಾನ್ 276 ಕೋಟಿ ಡಾಲರ್ ವಹಿವಾಟು ಮಾಡಿ 141 ಕೋಟಿ ಡಾಲರ್ ನಷ್ಟ ತೋರಿಸಿತು. ನೂರು ರೂಪಾಯಿ ಮಾರಿದರೆ ಐವತ್ತೊಂದು ರೂಪಾಯಿ ನಷ್ಟ ಎಂದು ಓದಿದವರಿಗೆ ಇದು ಉಳಿಯುವ ಕಂಪನಿ ಎಂದು ಅನಿಸುವುದು ಸಾಧ್ಯವೇ ಇರಲಿಲ್ಲ. ಆದರೆ ಆ 141 ಕೋಟಿಯನ್ನು ಬಿಡಿಸಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಸರಕು ಕೊಂಡು, ಮಾರಿ, ಕಟ್ಟಿ ಕಳುಹಿಸಿ, ಜಾಹೀರಾತು ಕೊಟ್ಟು, ಕಚೇರಿ ನಡೆಸಿದ ನಿತ್ಯದ ವ್ಯಾಪಾರದಲ್ಲಿ ಆದ ನಷ್ಟ 31.7 ಕೋಟಿ ಡಾಲರ್. ಹಿಂದಿನ ವರ್ಷಗಳಲ್ಲಿ ಕೊಂಡುಕೊಂಡ ಕಂಪನಿಗಳಿಗಾಗಿ ತೆತ್ತ ಹೆಚ್ಚುವರಿ ಬೆಲೆಯನ್ನು, ಅಂದರೆ ಗುಡ್‌ವಿಲ್ ಮತ್ತು ಅಂಥವನ್ನು, ವರ್ಷಕ್ಕಿಷ್ಟು ಎಂದು ಲೆಕ್ಕದಿಂದ ಕಳೆದದ್ದು 32.2 ಕೋಟಿ. ಆ ಖರೀದಿಗಳ ಬೆಲೆ ಕುಸಿದದ್ದನ್ನು ಒಪ್ಪಿಕೊಂಡದ್ದೇ ಮೊದಲಾದ ಬಾಬತ್ತಿನಲ್ಲಿ 20 ಕೋಟಿ. ಪೆಟ್ಸ್ ಡಾಟ್ ಕಾಮ್, ಲಿವಿಂಗ್ ಡಾಟ್ ಕಾಮ್‌ನಂಥ ಬೇರೆ ಕಂಪನಿಗಳಲ್ಲಿ ಹೊಂದಿದ್ದ ಪಾಲಿನ ನಷ್ಟ 30.5 ಕೋಟಿ, ಇವೆರಡೂ ಅದೇ ವರ್ಷ ಬಾಗಿಲು ಹಾಕಿದವು. ಸಾಲದ ಬಡ್ಡಿ 13.1 ಕೋಟಿ. ಉಳಿದದ್ದು ಹೂಡಿಕೆಗಳ ಬೆಲೆ ಇಳಿದದ್ದು ಮತ್ತು ಚಿಲ್ಲರೆ ಬಾಬತ್ತು.

ವ್ಯಾಪಾರದ ಹೊರಗಿನ ಈ ನಷ್ಟಗಳನ್ನು ಲೆಕ್ಕಕ್ಕೇ ಹಿಡಿಯಬಾರದು ಎಂದು ವಾದಿಸುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ಷೇರುದಾರರ ಹಣವನ್ನು ಯಾವ ವಿವೇಚನೆಯಿಂದ ಖರ್ಚು ಮಾಡಲಾಯಿತು ಎಂಬುದಕ್ಕೆ ಅವು ಸಾಕ್ಷಿ. ಸಾಕುಪ್ರಾಣಿಗಳ ಆಹಾರ ಮಾರುವ ಅಂಗಡಿಯಲ್ಲಿ ಕಳೆದುಕೊಂಡ ಡಾಲರೂ ಡಾಲರೇ. ಆದರೆ ನಮ್ಮ ಪ್ರಶ್ನೆ ಮುಂದಿನ ವರ್ಷಗಳದ್ದು. ಮುಳುಗಿದ ಖರೀದಿ ಮತ್ತೊಮ್ಮೆ ಮುಳುಗುವುದಿಲ್ಲ. ಬಡ್ಡಿ ಮತ್ತು ನಿತ್ಯದ ವ್ಯಾಪಾರದ ನಷ್ಟ ಮಾತ್ರ ಪ್ರತಿ ವರ್ಷ ಬಾಗಿಲಿಗೆ ಬಂದು ನಿಲ್ಲುತ್ತವೆ. ಹಾಗಾಗಿ ಲಾಭದ ವರ್ಷವನ್ನು ಹುಡುಕುವವನು ಕೈಗೆತ್ತಿಕೊಳ್ಳಬೇಕಾದ ಅಂಕಿ 141 ಕೋಟಿಯಲ್ಲ, 31.7 ಕೋಟಿ ಮತ್ತು ಅದರ ಬೆನ್ನಿಗಿರುವ 13 ಕೋಟಿ ಬಡ್ಡಿ.

ಈಗ ಆ 31.7 ಕೋಟಿಯ ಒಳಗೆ ಹೋಗೋಣ. 2000ದಲ್ಲಿ 276 ಕೋಟಿ ಮಾರಾಟದ ಮೇಲೆ, ಸರಕಿನ ಬೆಲೆ ಕಳೆದು ಉಳಿದ ಒಟ್ಟು ಲಾಭ 65.6 ಕೋಟಿ. ಗೋದಾಮು, ಕಟ್ಟುವ ಕೆಲಸ, ಗ್ರಾಹಕರ ಕರೆಗಳಿಗೆ ಉತ್ತರಿಸುವ ಸಿಬ್ಬಂದಿ, ಕಾರ್ಡಿನ ಶುಲ್ಕ ಇವೆಲ್ಲ ಸೇರಿದ ಪೂರೈಕೆಯ ವೆಚ್ಚ 41.5 ಕೋಟಿ. ಇದನ್ನು ಕಳೆದರೆ ಪ್ರತಿ ನೂರು ಡಾಲರ್ ಮಾರಾಟದಲ್ಲಿ ಕಂಪನಿಯ ಕೈಯಲ್ಲಿ ಉಳಿದದ್ದು ಒಂಬತ್ತು ಡಾಲರಿಗೂ ಸ್ವಲ್ಪ ಕಡಿಮೆ. ಆ ಉಳಿಕೆಯಿಂದ ಜಾಹೀರಾತಿಗೆ 18 ಕೋಟಿ, ತಂತ್ರಜ್ಞಾನಕ್ಕೆ 26.9 ಕೋಟಿ, ಆಡಳಿತಕ್ಕೆ 10.9 ಕೋಟಿ, ಒಟ್ಟು ಸುಮಾರು 55.8 ಕೋಟಿಯ ಖರ್ಚನ್ನು ತೂಗಿಸಬೇಕಿತ್ತು. ನೂರಕ್ಕೆ ಒಂಬತ್ತರಷ್ಟೇ ಉಳಿಯುವ ವ್ಯಾಪಾರದಲ್ಲಿ 55.8 ಕೋಟಿ ತೂಗಬೇಕಾದರೆ ಮಾರಾಟ ಸುಮಾರು 640 ಕೋಟಿ ಡಾಲರಿಗೆ ಮುಟ್ಟಬೇಕು. ಕಂಪನಿ ಇದ್ದದ್ದು 276ರಲ್ಲಿ.

ಮರುವರ್ಷದ ಲೆಕ್ಕವನ್ನು ಇದರ ಪಕ್ಕಕ್ಕಿಡಿ. 2001ರಲ್ಲಿ ಮಾರಾಟ 312 ಕೋಟಿಗೆ, ಅಂದರೆ ಶೇ. 13ರಷ್ಟು ಮಾತ್ರ ಏರಿತು. ಅದಕ್ಕೆ ಹಿಂದಿನ ವರ್ಷ ಶೇ. 68ರಷ್ಟು ಬೆಳೆದಿದ್ದ ಕಂಪನಿಗೆ ಇದು ದೊಡ್ಡ ಕುಸಿತ. ಬೆಳವಣಿಗೆಯ ಗೆರೆಯನ್ನಷ್ಟೇ ನಂಬಿದವನು ಆ ವೇಗದಲ್ಲಿ 640 ಕೋಟಿ ಮುಟ್ಟಲು ಸುಮಾರು ಏಳು ವರ್ಷ ಬೇಕೆಂದು ಬರೆದಿಡುತ್ತಿದ್ದ. ಆದರೆ ಅದೇ ವರ್ಷ ಒಟ್ಟು ಲಾಭ 79.9 ಕೋಟಿಗೆ ಏರಿತು, ಪೂರೈಕೆಯ ವೆಚ್ಚ 37.4 ಕೋಟಿಗೆ ಇಳಿಯಿತು. ಮಾರಾಟ ಹೆಚ್ಚಿದರೂ ಕಟ್ಟಿ ಕಳುಹಿಸುವ ಖರ್ಚು ಕಡಿಮೆಯಾಯಿತು ಎಂಬುದನ್ನು ನಿಧಾನವಾಗಿ ಓದಬೇಕು. ನೂರು ಡಾಲರಿಗೆ ಉಳಿಕೆ ಒಂಬತ್ತರಿಂದ ಹದಿಮೂರೂವರೆಗೆ ಬಂತು. ಜಾಹೀರಾತು, ತಂತ್ರಜ್ಞಾನ, ಆಡಳಿತ ಮೂರೂ ಸೇರಿ 46.9 ಕೋಟಿಗೆ ತಗ್ಗಿದವು. ಈ ಎರಡು ಅಂಕಿಗಳಿಂದ ಹೊಸದಾಗಿ ಎಣಿಸಿದರೆ ಅಸಲು ಗಿಟ್ಟುವ ಮಟ್ಟ ಸುಮಾರು 345 ಕೋಟಿ. ಒಂದೇ ವರ್ಷದಲ್ಲಿ ಕಂಪನಿ ಮೇಲಕ್ಕೆ ಹತ್ತಿದ್ದು 36 ಕೋಟಿ. ಮುಟ್ಟಬೇಕಾದ ಮಟ್ಟ ಕೆಳಕ್ಕೆ ಇಳಿದದ್ದು ಹೆಚ್ಚುಕಡಿಮೆ 300 ಕೋಟಿ. 2002ರಲ್ಲಿ ಮಾರಾಟ 393 ಕೋಟಿಯಾಯಿತು, ಮತ್ತು ಆ ವರ್ಷ ಅಮೆಜಾನಿನ ವ್ಯಾಪಾರ ಮೊದಲ ಬಾರಿಗೆ ಇಡೀ ವರ್ಷದ ಲೆಕ್ಕದಲ್ಲಿ ನಷ್ಟದಿಂದ ಹೊರಬಂತು.

ನನ್ನ ಎಣಿಕೆಯಲ್ಲಿ ಒಂದು ಒರಟುತನ ಇದೆ. ಪೂರೈಕೆಯ ವೆಚ್ಚವನ್ನೆಲ್ಲ ಮಾರಾಟದೊಡನೆ ಏರಿಳಿಯುವ ಖರ್ಚು ಎಂದು ಹಿಡಿದಿದ್ದೇನೆ. ಅದರಲ್ಲಿ ಗೋದಾಮಿನ ಬಾಡಿಗೆಯಂಥ ಸ್ಥಿರ ಖರ್ಚೂ ಸೇರಿದೆ. ಹೊರಗಿನಿಂದ ಓದುವವನಿಗೆ ಅದನ್ನು ನಿಖರವಾಗಿ ಬೇರ್ಪಡಿಸುವುದು ಸಾಧ್ಯವಿಲ್ಲ. ಆದರೂ ದಿಕ್ಕನ್ನು ತಿಳಿಯಲು ಇಷ್ಟು ಸಾಕು, ಮತ್ತು ಮೂರೋ ನಾಲ್ಕೋ ವರ್ಷದ ಲೆಕ್ಕ ಕೈಯಲ್ಲಿದ್ದರೆ ದಿಕ್ಕು ಸುಳ್ಳು ಹೇಳುವುದು ಅಪರೂಪ.

ಮಟ್ಟ ಇಳಿದದ್ದು ಹೇಗೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ, ಏಕೆಂದರೆ ಖರ್ಚನ್ನು ಕಡಿದು ಹಾಕಿ ಒಂದು ವರ್ಷದ ಲೆಕ್ಕವನ್ನು ಚಂದ ಮಾಡುವುದು ಯಾವ ಕಂಪನಿಗೂ ಕಷ್ಟವಲ್ಲ. ಅಮೆಜಾನ್ 1999ರಲ್ಲಿ ನೆವಾಡ, ಕಾನ್ಸಾಸ್, ಕೆಂಟಕಿ, ಜಾರ್ಜಿಯ ರಾಜ್ಯಗಳಲ್ಲಿ ಒಂದರ ಮೇಲೊಂದು ದೊಡ್ಡ ಗೋದಾಮುಗಳನ್ನು ತೆರೆದಿತ್ತು. ಆ ವರ್ಷದ ಕ್ರಿಸ್‌ಮಸ್‌ಗೆ ಕೊಂಡಿಟ್ಟ ಸರಕು ಹೆಚ್ಚಾಗಿ, 3.9 ಕೋಟಿ ಡಾಲರಿನ ದಾಸ್ತಾನನ್ನು ಲೆಕ್ಕದಿಂದ ಕಳೆಯಬೇಕಾಯಿತು. ಅದೇ ವರ್ಷ ಅಲೈಡ್‌ಸಿಗ್ನಲ್ ಕಂಪನಿಯಿಂದ ಬಂದ ಜೆಫ್ ವಿಲ್ಕ್ ಗೋದಾಮುಗಳ ಹೊಣೆ ಹೊತ್ತು, ಕಾರ್ಖಾನೆಯಲ್ಲಿ ತಪ್ಪುಗಳನ್ನು ಎಣಿಸಿ ಕಡಿಮೆ ಮಾಡುವ ಶಿಸ್ತನ್ನು ಅಲ್ಲಿಗೆ ತಂದರು. 2000ದ ಆಗಸ್ಟಿನಲ್ಲಿ ಟಾಯ್ಸ್ ಆರ್ ಅಸ್ ಜೊತೆ ಒಪ್ಪಂದವಾಗಿ, ಆಟಿಕೆಗಳನ್ನು ಕೊಂಡಿಡುವ ಅಪಾಯ ಆ ಕಂಪನಿಯ ಹೆಗಲಿಗೆ ಹೋಯಿತು. ಕಟ್ಟಿ ಕಳುಹಿಸುವ ಕೆಲಸಕ್ಕೆ ಅಮೆಜಾನಿಗೆ ಶುಲ್ಕ ಬರತೊಡಗಿತು. 2001ರ ಜನವರಿಯಲ್ಲಿ 1,300 ಮಂದಿಯನ್ನು ಕೆಲಸದಿಂದ ತೆಗೆದು, ಜಾರ್ಜಿಯದ ಗೋದಾಮನ್ನೂ ಸಿಯಾಟಲ್‌ನ ಗ್ರಾಹಕ ಸೇವಾ ಕೇಂದ್ರವನ್ನೂ ಮುಚ್ಚಲಾಯಿತು. 1999ರ ಕೊನೆಗೆ 22.1 ಕೋಟಿ ಡಾಲರ್ ಇದ್ದ ದಾಸ್ತಾನು 2001ರ ಕೊನೆಗೆ 14.4 ಕೋಟಿಗೆ ಇಳಿದಿತ್ತು, ಮಾರಾಟ ಸುಮಾರು ಎರಡು ಪಟ್ಟಾಗಿದ್ದಾಗ.

ಇವುಗಳಲ್ಲಿ ಕೆಲಸಗಾರರನ್ನು ತೆಗೆದದ್ದು ಒಂದು ಸಲದ ಉಳಿತಾಯ, ಮತ್ತು ಅದರ ಬೆಲೆಯನ್ನು ತೆತ್ತವರು ಆ 1,300 ಮನೆಗಳವರು ಎಂಬುದನ್ನು ಅಂಕಿಗಳ ನಡುವೆ ಮರೆಯಬಾರದು. ತಪ್ಪುಗಳು ಕಡಿಮೆಯಾದದ್ದು, ದಾಸ್ತಾನು ವೇಗವಾಗಿ ಉರುಳಿದ್ದು, ಅಪಾಯವನ್ನು ಬೇರೆಯವರು ಹೊತ್ತದ್ದು ಇವು ಮುಂದಿನ ಪ್ರತಿ ವರ್ಷವೂ ಉಳಿಯುವ ಬದಲಾವಣೆಗಳು. ಲಾಭದ ವರ್ಷವನ್ನು ಅಂದಾಜು ಮಾಡುವಾಗ ಎರಡನೆಯ ಬಗೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಮಲೆನಾಡಿನಲ್ಲಿ ಅಡಿಕೆ ತೋಟ ಮಾಡುವವರಿಗೆ ಈ ಮುಂದಿನ ಮಾತನ್ನು ವಿವರಿಸುವುದೇ ಬೇಡ. ಸಸಿ ನೆಟ್ಟ ಮೇಲೆ ಐದಾರು ವರ್ಷ ಗೊಬ್ಬರ, ನೀರು, ಆಳಿನ ಖರ್ಚು ಮಾತ್ರ ಇರುತ್ತದೆ, ಫಸಲು ಇರುವುದಿಲ್ಲ. ಒಬ್ಬ ಬೆಳೆಗಾರ ಪ್ರತಿ ವರ್ಷ ಹೊಸದಾಗಿ ಒಂದೊಂದು ಎಕರೆ ನೆಡುತ್ತ ಹೋದರೆ, ಹಳೆಯ ತೋಟ ಚೆನ್ನಾಗಿ ಕಾಯಿ ಬಿಡುತ್ತಿದ್ದರೂ ಅವನ ಒಟ್ಟು ಲೆಕ್ಕ ನಷ್ಟದಲ್ಲೇ ಇರಬಹುದು. ಅವನ ಸ್ಥಿತಿಯನ್ನು ತಿಳಿಯಬೇಕಾದರೆ ಹಳೆಯ ತೋಟದ ಲೆಕ್ಕವನ್ನು ಬೇರೆಯಾಗಿಯೇ ಕೇಳಬೇಕು. ಅಮೆಜಾನಿನ ಹಳೆಯ ತೋಟ ಎಂದರೆ ಅಮೆರಿಕದ ಪುಸ್ತಕ, ಸಂಗೀತ ಮತ್ತು ವಿಡಿಯೊ ವಿಭಾಗ. 2000ದಲ್ಲಿ ಕಂಪನಿಯ ವ್ಯಾಪಾರ 31.7 ಕೋಟಿ ಡಾಲರ್ ನಷ್ಟದಲ್ಲಿದ್ದಾಗ ಈ ವಿಭಾಗ ಆಗಲೇ 7.1 ಕೋಟಿ ಲಾಭ ಮಾಡಿತ್ತು. ಎಲೆಕ್ಟ್ರಾನಿಕ್ಸ್ ಮತ್ತು ಅಡುಗೆಮನೆಯ ಸಾಮಾನಿನ ಹೊಸ ವಿಭಾಗ ಸುಮಾರು 27 ಕೋಟಿ, 1998ರಿಂದೀಚೆಗೆ ಬ್ರಿಟನ್, ಜರ್ಮನಿ, ಫ್ರಾನ್ಸ್ ಮತ್ತು ಜಪಾನಿನಲ್ಲಿ ತೆರೆದ ಅಂಗಡಿಗಳು 14.5 ಕೋಟಿ ನಷ್ಟ ತಂದಿದ್ದವು. 2001ರಲ್ಲಿ ಹಳೆಯ ವಿಭಾಗದ ಮಾರಾಟ 170 ಕೋಟಿಯ ಆಸುಪಾಸಿನಲ್ಲಿ ಇದ್ದಲ್ಲಿಯೇ ಇದ್ದರೂ ಅದರ ಲಾಭ 15.7 ಕೋಟಿಗೆ, ಎರಡು ಪಟ್ಟಿಗಿಂತ ಹೆಚ್ಚಿಗೆ ಏರಿತು. ಬೆಳವಣಿಗೆ ನಿಂತ ವಿಭಾಗದಲ್ಲಿ ಲಾಭ ದುಪ್ಪಟ್ಟಾಯಿತು ಎನ್ನುವ ಈ ಒಂದು ಸಾಲು, ಆ ವರ್ಷಗಳಲ್ಲಿ ಬಂದ ಎಷ್ಟೋ ಭವಿಷ್ಯವಾಣಿಗಳಿಗಿಂತ ಹೆಚ್ಚನ್ನು ಹೇಳುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ನಮ್ಮ ಹಳೆಯ ಊರುಗಳಲ್ಲಿ ನಾವು ಆಗಲೇ ಲಾಭದಲ್ಲಿದ್ದೇವೆ, ಹೊಸ ಊರುಗಳಿಗಾಗಿ ಮಾತ್ರ ನಷ್ಟ ಎಂದು ಹೇಳುವ ಕಂಪನಿಗಳು ಈಗ ಬಹಳ. ಆ ಲೆಕ್ಕದಲ್ಲಿ ಮುಖ್ಯ ಕಚೇರಿಯ ಸಂಬಳ, ಸಾಫ್ಟ್‌ವೇರ್ ತಂಡದ ಖರ್ಚು, ದೇಶಕ್ಕೆಲ್ಲ ಒಂದೇ ಆದ ಜಾಹೀರಾತು ಇವುಗಳಲ್ಲಿ ಎಷ್ಟನ್ನು ಹಳೆಯ ಊರಿನ ತಲೆಗೆ ಹಾಕಿದ್ದಾರೆ ಎಂದು ಕೇಳಲೇಬೇಕು. ಯಾವುದನ್ನೂ ಹಾಕದೆ ತೋರಿಸಿದ ಲಾಭ ಲಾಭವಲ್ಲ. ಅಮೆಜಾನಿನ ವಿಭಾಗವಾರು ಅಂಕಿಗಳು ನನಗೆ ನಂಬಿಕೆ ಕೊಡುವುದು ಮೇಲಿನ ಮೂರರ ಜೊತೆ, ಬೇರೆ ಕಂಪನಿಗಳಿಗೆ ಸೇವೆ ಕೊಡುವ ನಾಲ್ಕನೆಯ ವಿಭಾಗದ ಸಣ್ಣ ಲಾಭವನ್ನೂ ಕೂಡಿಸಿದರೆ ಇಡೀ ವ್ಯಾಪಾರದ 31.7 ಕೋಟಿ ನಷ್ಟ ಸರಿಯಾಗಿ ತಾಳೆಯಾಗುತ್ತದೆ ಎಂಬ ಕಾರಣಕ್ಕೆ. ಹಂಚದೆ ಹೊರಗಿಟ್ಟ ಖರ್ಚು ಅಲ್ಲಿ ಉಳಿದಿಲ್ಲ.

ಇದೇ ಕಾಲದಲ್ಲಿ, ಇದೇ ಅಮೆರಿಕದಲ್ಲಿ ಇನ್ನೊಂದು ಕಂಪನಿ ವೇಗವಾಗಿ ಬೆಳೆಯುತ್ತಿತ್ತು. ಲೂಯಿಸ್ ಬಾರ್ಡರ್ಸ್ 1996ರಲ್ಲಿ ಸ್ಥಾಪಿಸಿದ ವೆಬ್‌ವ್ಯಾನ್ ಮನೆ ಬಾಗಿಲಿಗೆ ದಿನಸಿ ತಲುಪಿಸುತ್ತಿತ್ತು. 1999ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡ್‌ನಲ್ಲಿ ಅದು ತೆರೆದ ಮೊದಲ ಕೇಂದ್ರವನ್ನು ದಿನಕ್ಕೆ 8,000 ಆರ್ಡರ್‌ಗಳಿಗೆಂದು ಕಟ್ಟಲಾಗಿತ್ತು. ಆ ಒಂದು ಕೇಂದ್ರ ತುಂಬಿ ತುಳುಕುತ್ತದೆಯೇ ಎಂದು ತಿಳಿಯುವ ಮೊದಲೇ, ಅಂಥವೇ 26 ಕೇಂದ್ರಗಳನ್ನು ಕಟ್ಟಲು ಬೆಕ್ಟೆಲ್ ಕಂಪನಿಯೊಡನೆ 100 ಕೋಟಿ ಡಾಲರಿನ ಒಪ್ಪಂದ ಮಾಡಿಕೊಳ್ಳಲಾಯಿತು. ಮಾರಾಟ ಏರಿತು, ಗ್ರಾಹಕರು ಸೇವೆಯನ್ನು ಮೆಚ್ಚಿದರು, ಆದರೂ 2001ರ ಜುಲೈಯಲ್ಲಿ ಕಂಪನಿ ದಿವಾಳಿಯಾಯಿತು. ದಿನಸಿಯಲ್ಲಿ ಉಳಿಯುವುದೇ ಕಡಿಮೆ. ಹಾಲು, ತರಕಾರಿ, ಮಂಜುಗಡ್ಡೆಯಲ್ಲಿಟ್ಟ ಮೀನು ಎಲ್ಲವನ್ನೂ ಬೇರೆ ಬೇರೆ ತಂಪಿನಲ್ಲಿ ಇಟ್ಟು, ಗ್ರಾಹಕರು ಆರಿಸಿಕೊಂಡ ಅರ್ಧ ಗಂಟೆಯ ಅವಧಿಯಲ್ಲಿಯೇ ಮನೆಗೆ ಮುಟ್ಟಿಸುವ ಖರ್ಚು ಹೆಚ್ಚು. ಅದರ ಮೇಲೆ ಅರೆಬರೆ ತುಂಬಿದ ಕೇಂದ್ರಗಳ ಭಾರ. ವಹಿವಾಟು ಒಂದು ಹೆಜ್ಜೆ ಹತ್ತಿದಾಗಲೆಲ್ಲ ಹೊಸ ಕೇಂದ್ರವೊಂದು ತೆರೆದು ಅಸಲು ಗಿಟ್ಟುವ ಮಟ್ಟವನ್ನು ಎರಡು ಹೆಜ್ಜೆ ಮೇಲಕ್ಕೆ ಒಯ್ಯುತ್ತಿತ್ತು. ಬೆಳವಣಿಗೆಯ ಗೆರೆಯನ್ನಷ್ಟೇ ನೋಡಿದರೆ ಆ ಹೊತ್ತಿನಲ್ಲಿ ಎರಡೂ ಕಂಪನಿಗಳು ಒಂದೇ ಜಾತಿಯವು ಎಂದು ಕಾಣುತ್ತಿದ್ದವು.

ಇನ್ನು ನಗದಿನ ವಿಷಯ. ಲಾಭದ ವರ್ಷ ಎಷ್ಟೇ ಸರಿಯಾಗಿ ಅಂದಾಜಾಗಿದ್ದರೂ ಕಂಪನಿಯ ಹಣ ಅದಕ್ಕೂ ಮೊದಲೇ ಮುಗಿದರೆ ಆ ಅಂದಾಜಿಗೆ ಅರ್ಥವಿಲ್ಲ. 2000ದ ಜೂನ್‌ನಲ್ಲಿ ಲೀಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕಿನ ಸಾಲಪತ್ರ ವಿಶ್ಲೇಷಕ ರವಿ ಸೂರಿಯ ಅವರು, ಅಮೆಜಾನಿನ ನಗದು ಹೀಗೆಯೇ ಕರಗುತ್ತ ಹೋದರೆ ಒಂದು ವರ್ಷದೊಳಗೆ ಬರಿದಾಗಬಹುದು ಎಂಬ ಅರ್ಥದ ವರದಿ ಬರೆದರು; ಅದು ಹೊರಬಿದ್ದ ದಿನ ಷೇರಿನ ಬೆಲೆ ಸುಮಾರು ಐದನೇ ಒಂದು ಭಾಗ ಕುಸಿಯಿತು. ಕಂಪನಿ ಬದುಕಿ ಉಳಿದದ್ದರಿಂದ ಅವರು ತಪ್ಪಿದರು ಎಂದು ಈಗ ಹೇಳುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಪುಸ್ತಕ ಕೊಂಡವನ ಕಾರ್ಡಿನಿಂದ ಹಣ ಕೂಡಲೇ ಬರುತ್ತದೆ, ಪ್ರಕಾಶಕನಿಗೆ ವಾರಗಳ ನಂತರ ಕೊಡಲಾಗುತ್ತದೆ. ಹಾಗಾಗಿ ಮಾರಾಟ ಏರುತ್ತಿರುವವರೆಗೆ ಪೂರೈಕೆದಾರರ ಹಣವೇ ಕಂಪನಿಯ ದುಡಿಯುವ ಬಂಡವಾಳವಾಗಿ ಕೆಲಸ ಮಾಡುತ್ತದೆ. ಏರಿಕೆ ನಿಧಾನವಾದ ದಿನ ಇದೇ ಯಂತ್ರ ಹಿಂದಕ್ಕೆ ತಿರುಗುತ್ತದೆ. 2000ದ ಡಿಸೆಂಬರ್ ಕೊನೆಗೆ ಅಮೆಜಾನಿನ ಬಳಿ ನಗದು ಮತ್ತು ತಕ್ಷಣ ಮಾರಬಹುದಾದ ಹೂಡಿಕೆಗಳು ಸೇರಿ 110 ಕೋಟಿ ಡಾಲರ್ ಇತ್ತು. ಕ್ರಿಸ್‌ಮಸ್ ಮಾರಾಟದ ಸರಕಿಗೆ ಹಣ ಕೊಟ್ಟು ಮುಗಿದ ಮಾರ್ಚ್ ಕೊನೆಗೆ ಅದು ಸುಮಾರು 64 ಕೋಟಿಗೆ ಇಳಿದಿತ್ತು. ಮೂರು ತಿಂಗಳಲ್ಲಿ 46 ಕೋಟಿ. ನಮ್ಮಲ್ಲಿಯೂ ದೀಪಾವಳಿಯ ನಂತರದ ಬ್ಯಾಲೆನ್ಸ್ ಶೀಟನ್ನು ಮಾತ್ರ ನೋಡಿ ಸಮಾಧಾನಪಡುವವರಿಗೆ ಈ ಎರಡು ಅಂಕಿಗಳನ್ನು ತೋರಿಸಬೇಕು. ಸೂರಿಯ ಅವರ ಲೆಕ್ಕ ಆ ಹೊತ್ತಿನ ನಡೆಗೆ ಸರಿಯಾಗಿಯೇ ಇತ್ತು, ಕಂಪನಿ ತನ್ನ ನಡೆಯನ್ನು ಬದಲಿಸಿತು. ಲಾಭದ ವರ್ಷವನ್ನು ಊಹಿಸುವ ಯಾವ ಲೆಕ್ಕದಲ್ಲಿಯೂ ನಡೆಸುವವರ ತೀರ್ಮಾನ ಎಂಬ ಒಂದು ಅಂಶ ಸೇರಿರುತ್ತದೆ, ಮತ್ತು ಅದನ್ನು ತೀರ್ಮಾನಿಸುವಂತೆ ಒತ್ತುವುದು ಬಹಳ ಸಲ ಬರಿದಾಗುತ್ತಿರುವ ಬೊಕ್ಕಸವೇ.

ಮೊದಲ ಲಾಭ ಬಂದಾಗಲೂ ಅದನ್ನು ಬಿಡಿಸಿ ನೋಡಬೇಕು. 2001ರ ಕೊನೆಯ ಮೂರು ತಿಂಗಳಲ್ಲಿ ಅಮೆಜಾನ್ 111.5 ಕೋಟಿ ಡಾಲರ್ ಮಾರಿ 50 ಲಕ್ಷ ಡಾಲರ್ ನಿವ್ವಳ ಲಾಭ ತೋರಿಸಿತು, ಷೇರಿಗೆ ಒಂದು ಸೆಂಟ್. 2002ರ ಇಡೀ ವರ್ಷಕ್ಕೆ ಮತ್ತೆ 14.9 ಕೋಟಿ ನಷ್ಟ, ವ್ಯಾಪಾರ ಲಾಭದಲ್ಲಿದ್ದರೂ ಬಡ್ಡಿಯ ಭಾರವೇ ಮೊದಲಾದ ವ್ಯಾಪಾರದ ಹೊರಗಿನ ಬಾಬತ್ತುಗಳಿಂದ. ಇಡೀ ವರ್ಷದ ನಿವ್ವಳ ಲಾಭ ಬಂದದ್ದು 2003ರಲ್ಲಿ, 3.5 ಕೋಟಿ ಡಾಲರ್. ಹಾಗಾದರೆ ಅಮೆಜಾನ್ ಲಾಭಕ್ಕೆ ಬಂದದ್ದು ಯಾವ ವರ್ಷ? ನಾನು 2002 ಎನ್ನುತ್ತೇನೆ, ಏಕೆಂದರೆ ವ್ಯಾಪಾರ ತನ್ನ ಕಾಲ ಮೇಲೆ ನಿಂತದ್ದು ಆಗ. ಸಾಲ ಕೊಟ್ಟವರು 2003 ಎನ್ನಬಹುದು. ನಮ್ಮ ಕಡೆಯ ಉದಾಹರಣೆ ಬೇಕೆಂದರೆ, ಜೊಮ್ಯಾಟೊ 2023ರ ಜೂನ್‌ಗೆ ಕೊನೆಗೊಂಡ ತ್ರೈಮಾಸಿಕದಲ್ಲಿ 2 ಕೋಟಿ ರೂಪಾಯಿಯ ಮೊದಲ ನಿವ್ವಳ ಲಾಭ ಪ್ರಕಟಿಸಿತು. ತೆರಿಗೆಗೆ ಮುಂಚೆ ಅದು 15 ಕೋಟಿ ನಷ್ಟದಲ್ಲಿತ್ತು. ತೆರಿಗೆಯ ಲೆಕ್ಕದಲ್ಲಿ ಬಂದ 17 ಕೋಟಿ ಜಮೆ ಅದನ್ನು ದಾಟಿಸಿತ್ತು. ಬ್ಯಾಂಕಿನಲ್ಲಿದ್ದ ಹಣದ ಬಡ್ಡಿಯೇ ಮೊದಲಾದ ಇತರ ಆದಾಯ 181 ಕೋಟಿ ಸೇರಿಯೂ ಆ 15 ಕೋಟಿ ನಷ್ಟ. ಅದು ಕಾನೂನಿಗೆ ಅನುಗುಣವಾದ, ಮುಚ್ಚುಮರೆ ಇಲ್ಲದ ಲೆಕ್ಕ. ಆದರೆ ಊಟ ತಲುಪಿಸುವ ವ್ಯಾಪಾರ ಆ ಮೂರು ತಿಂಗಳಲ್ಲಿ ಏನು ದುಡಿಯಿತು ಎಂದು ತಿಳಿಯಬೇಕಾದವನು ಕೊನೆಯ ಸಾಲಿಗಿಂತ ಮೇಲಕ್ಕೆ ಕಣ್ಣು ಹಾಯಿಸಬೇಕಿತ್ತು.

ಇಷ್ಟೆಲ್ಲ ದೊಡ್ಡ ಅಂಕಿಗಳ ನಂತರ, ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಮೂವತ್ತು ಜನ ಕೆಲಸ ಮಾಡುವ ಕಂಪನಿಯ ಬಗ್ಗೆ ಏನು ಹೇಳಬಹುದು? ದಾರಿ ಅದೇ, ಆದರೆ ಕೆಲವು ಕಡೆ ಹೆಚ್ಚು ಎಚ್ಚರ ಬೇಕು. ನಮ್ಮ ದೇಶದಲ್ಲಿ ಖಾಸಗಿ ಕಂಪನಿಗಳೂ ವರ್ಷದ ಲೆಕ್ಕವನ್ನು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಬೇಕು, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಅದನ್ನು ನೋಡಬಹುದು. ಆದರೆ ಮಾರ್ಚಿಗೆ ಮುಗಿದ ವರ್ಷದ ಲೆಕ್ಕ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಅಲ್ಲಿ ಕಾಣಿಸುತ್ತದೆ, ಮತ್ತು ಕಾಯ್ದೆಯ ಪ್ರಕಾರ ಸಣ್ಣ ಕಂಪನಿ ಎಂದು ಗಣನೆಯಾಗುವವು ನಗದು ಹರಿವಿನ ತಃಖ್ತೆಯನ್ನು ಕೊಡಬೇಕಾಗಿಯೇ ಇಲ್ಲ. ಅಪಾಯ ಹೆಚ್ಚಿರುವ ಕಡೆಯೇ ಬಹಳ ಬೇಕಾದ ಹಾಳೆ ಇರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಆಗ ಎರಡು ವರ್ಷದ ಬ್ಯಾಲೆನ್ಸ್ ಶೀಟುಗಳನ್ನು ಪಕ್ಕಪಕ್ಕ ಇಟ್ಟು, ಪೂರೈಕೆದಾರರಿಗೆ ಕೊಡಬೇಕಾದ ಬಾಕಿ ಮಾರಾಟಕ್ಕಿಂತ ವೇಗವಾಗಿ ಏರುತ್ತಿದೆಯೇ ಎಂದು ನೋಡಬೇಕಾಗುತ್ತದೆ. 2023-24ರ ಹಣಕಾಸು ವರ್ಷದಿಂದ, ಕಿರು ಮತ್ತು ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡದಿದ್ದರೆ, ಕೊಡುವ ವರ್ಷದವರೆಗೆ ಆ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯುವಂತಿಲ್ಲ. ಪೂರೈಕೆದಾರರ ಹಣದಲ್ಲಿ ಬೆಳೆಯುವ ಅಭ್ಯಾಸಕ್ಕೆ ಇದು ಒಳ್ಳೆಯ ಕಡಿವಾಣ, ಆದರೆ ಆ ಅಭ್ಯಾಸದ ಮೇಲೆಯೇ ನಿಂತಿದ್ದ ಕಂಪನಿಗಳ ಲಾಭದ ವರ್ಷ ಇದರಿಂದ ದೂರ ಸರಿದಿರುತ್ತದೆ.

ಸಣ್ಣ ಕಂಪನಿಗಳಲ್ಲಿ ಇನ್ನೊಂದು ಖರ್ಚು ಕಾಗದದ ಮೇಲೆ ಬರುವುದೇ ಇಲ್ಲ. ಸ್ಥಾಪಕರು ಸಂಬಳ ತೆಗೆದುಕೊಳ್ಳುವುದಿಲ್ಲ, ಅಥವಾ ಹೆಸರಿಗೆ ಮಾತ್ರ ತೆಗೆದುಕೊಳ್ಳುತ್ತಾರೆ. ಹೆಂಡತಿ ಲೆಕ್ಕ ಬರೆಯುತ್ತಾರೆ, ತಮ್ಮ ಗೋದಾಮು ನೋಡಿಕೊಳ್ಳುತ್ತಾನೆ, ಅಂಗಡಿ ಅಪ್ಪನ ಹೆಸರಿನ ಕಟ್ಟಡದಲ್ಲಿ ಬಾಡಿಗೆ ಇಲ್ಲದೆ ನಡೆಯುತ್ತದೆ. ಈ ಮನೆಮಂದಿಯ ದುಡಿಮೆ ಗೌರವಕ್ಕೆ ಅರ್ಹವಾದದ್ದು, ಕರ್ನಾಟಕದ ಎಷ್ಟೋ ಉದ್ಯಮಗಳು ಬೇರೂರಿದ್ದೇ ಅದರಿಂದ. ಆದರೆ ಲಾಭಕ್ಕೆ ಬಂದಿದ್ದೇವೆ ಎಂದು ಅವರು ಹೇಳುವಾಗ, ಆ ಕೆಲಸಗಳಿಗೆ ಹೊರಗಿನವರನ್ನು ಇಟ್ಟುಕೊಂಡಿದ್ದರೆ ಕೊಡಬೇಕಾಗಿದ್ದ ಸಂಬಳವನ್ನೂ ಆ ಕಟ್ಟಡದ ಮಾರುಕಟ್ಟೆ ಬಾಡಿಗೆಯನ್ನೂ ಸೇರಿಸಿ ನಾನು ಮತ್ತೊಮ್ಮೆ ಎಣಿಸುತ್ತೇನೆ. ಬೆಳೆಯುವ ಕಂಪನಿ ಎರಡನೆಯ ಊರಿಗೆ ಹೋದಾಗ ಅಲ್ಲಿ ತಮ್ಮನೂ ಇರುವುದಿಲ್ಲ, ಅಪ್ಪನ ಕಟ್ಟಡವೂ ಇರುವುದಿಲ್ಲ. ಒಂದನೆಯ ಊರಿನ ಲಾಭ ಎರಡನೆಯದರಲ್ಲಿ ಕಾಣದೆ ಹೋಗಲು ಎಷ್ಟೋ ಸಲ ಇದೇ ಕಾರಣ.

ಹೀಗೆ ಎಣಿಸಿದ ಮೇಲೆ ನಾನು ಒಂದು ತಾರೀಖನ್ನು ಹೇಳುವುದಿಲ್ಲ, ಷರತ್ತುಗಳ ಜೊತೆ ಒಂದು ಅವಧಿಯನ್ನು ಹೇಳುತ್ತೇನೆ. ಪ್ರತಿ ಆರ್ಡರಿನ ಉಳಿಕೆ ಈಗಿನ ನೂರಕ್ಕೆ ಹತ್ತರಿಂದ ಹದಿಮೂರಕ್ಕೆ ಬಂದರೆ, ಮತ್ತು ಕಚೇರಿಯ ಖರ್ಚು ಮಾರಾಟದ ಅರ್ಧದಷ್ಟು ವೇಗದಲ್ಲಿ ಮಾತ್ರ ಏರಿದರೆ, ಎರಡರಿಂದ ಮೂರು ವರ್ಷ. ಉಳಿಕೆ ಹತ್ತರಲ್ಲೇ ನಿಂತರೆ ಈಗಿರುವ ಹಣದಲ್ಲಿ ಆಗುವ ಕೆಲಸವಲ್ಲ, ಎಂದು ಹೇಳುವ ಬಗೆ ಅದು. ಕೇಳಿದವರಿಗೆ ಮೊದಲು ಇದು ತೃಪ್ತಿ ಕೊಡುವುದಿಲ್ಲ. ಆದರೆ ಮುಂದಿನ ವರ್ಷದ ಲೆಕ್ಕ ಕೈಗೆ ಬಂದಾಗ ಅವರೇ ಆ ಎರಡು ಅಂಕಿಗಳನ್ನು ಹುಡುಕಿ, ಅಂದಾಜು ಹತ್ತಿರ ಬಂದಿದೆಯೋ ದೂರ ಹೋಗಿದೆಯೋ ಎಂದು ನೋಡಬಲ್ಲರು. ತಾರೀಖನ್ನು ಹಿಡಿದು ಕುಳಿತವರಿಗೆ ಆ ದಿನ ಬರುವವರೆಗೆ ಏನೂ ತಿಳಿಯುವುದಿಲ್ಲ.

ಷೇರಿನ ರೂಪದಲ್ಲಿ ಸಂಬಳ ಪಡೆಯಲಿರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು, ಸೇರುವ ಮೊದಲು ಕಂಪನಿಯಿಂದ ನಾಲ್ಕು ಅಂಕಿಗಳನ್ನು ಕೇಳಿ ಎಂದು: ನೂರು ರೂಪಾಯಿ ಮಾರಾಟದಲ್ಲಿ, ಗ್ರಾಹಕನಿಗೆ ಮುಟ್ಟಿಸುವ ಖರ್ಚೂ ಕಳೆದ ಮೇಲೆ, ಈ ವರ್ಷ ಎಷ್ಟು ಉಳಿಯಿತು, ಹೋದ ವರ್ಷ ಎಷ್ಟು ಉಳಿದಿತ್ತು, ಮಾರಾಟ ಏನೇ ಆದರೂ ತಿಂಗಳಿಗೆ ಬೀಳುವ ಖರ್ಚು ಎಷ್ಟು, ಈಗಿರುವ ಹಣ ಎಷ್ಟು ತಿಂಗಳಿಗೆ ಬರುತ್ತದೆ. ಒಳ್ಳೆಯದಾಗಿ ನಡೆಯುತ್ತಿರುವ ಕಂಪನಿಯವರಿಗೆ ಈ ಅಂಕಿಗಳು ಬಾಯಲ್ಲೇ ಇರುತ್ತವೆ, ಕೇಳಿದ್ದಕ್ಕೆ ಅವರು ಸಂತೋಷವನ್ನೇ ಪಡುತ್ತಾರೆ. ಉತ್ತರ ಸಿಗದಿದ್ದರೆ ನಾನು ವರ್ಷವನ್ನು ಊಹಿಸಲು ಹೋಗುವುದಿಲ್ಲ. ಷೇರಿನ ಭಾಗವನ್ನು ಸೊನ್ನೆ ಎಂದು ಎಣಿಸಿ, ತಿಂಗಳ ಕೊನೆಗೆ ಕೈಗೆ ಬರುವ ಸಂಬಳ ಮನೆಗೆ ಸಾಲುತ್ತದೆಯೇ ಎಂದಷ್ಟೇ ನೋಡಿ ತೀರ್ಮಾನಿಸಿ ಎನ್ನುತ್ತೇನೆ.